ಫೆರಾರಿ ಹೆಸರಿಲ್ಲದ ಫೆರಾರಿ ಕಾರುಗಳು: ಎಂಜೊ ಫೆರಾರಿ ಬದುಕು

ಹಳದಿ ಹಿನ್ನೆಲೆಯ ಮೇಲೆ ಹಿಂಗಾಲಿನಲ್ಲಿ ಎದ್ದು ನಿಂತ ಕಪ್ಪು ಕುದುರೆ. ಈ ಚಿತ್ರವನ್ನು ನೋಡದವರು ಕಡಿಮೆ. ಕೋಟಿಗಟ್ಟಲೆ ಬೆಲೆಯ ಫೆರಾರಿ ಕಾರನ್ನು ಕಣ್ಣಾರೆ ಕಾಣದ ಊರುಗಳಲ್ಲೂ ಬೈಕಿನ ಟ್ಯಾಂಕಿನ ಮೇಲೆ, ಆಟೋದ ಹಿಂದೆ ಇದರ ಸ್ಟಿಕ್ಕರ್ ಇರುತ್ತದೆ. ಆ ಕುದುರೆಯನ್ನು ಕಾರಿನ ಮೇಲೆ ತಂದವರು ಇಟಲಿಯ ಎಂಜೊ ಫೆರಾರಿ. ಆದರೆ ಅವರೇ ಕಟ್ಟಿಸಿದ ಕೆಲವು ಕಾರುಗಳ ಮೇಲೆ ಕುದುರೆಯೂ ಇರಲಿಲ್ಲ, ಫೆರಾರಿ ಎಂಬ ಹೆಸರೂ ಇರಲಿಲ್ಲ. ಒಮ್ಮೆ ಒಪ್ಪಂದಕ್ಕೆ ಕಟ್ಟುಬಿದ್ದು ಅವರು ತಮ್ಮ ಹೆಸರು ಬಿಟ್ಟರು. ಇನ್ನೊಮ್ಮೆ ತೀರಿಹೋದ ಮಗನ ಹೆಸರಿಗೆ ಜಾಗ ಮಾಡಿಕೊಟ್ಟು ತಾವಾಗಿಯೇ ಬಿಟ್ಟರು. ಹೆಸರೆಂದರೆ ಏನು ಎಂಬುದನ್ನು ಅವರಷ್ಟು ಬಲ್ಲ ಕಾರು ತಯಾರಕರು ವಿರಳ.

ಕೆಲಸ ಸಿಗದ ಯುವಕ

ಎಂಜೊ ಫೆರಾರಿ ಹುಟ್ಟಿದ್ದು 1898ರ ಫೆಬ್ರವರಿಯಲ್ಲಿ, ಉತ್ತರ ಇಟಲಿಯ ಮೊಡೆನಾ ಪಟ್ಟಣದಲ್ಲಿ. ತಂದೆ ಆಲ್ಫ್ರೆಡೊ ಕಬ್ಬಿಣದ ಕೆಲಸದ ಕಾರ್ಖಾನೆ ಇಟ್ಟುಕೊಂಡಿದ್ದರು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ತಂದೆಯೂ ಅಣ್ಣನೂ ಒಂದೇ ವರ್ಷದಲ್ಲಿ ಕಾಯಿಲೆಯಿಂದ ತೀರಿಕೊಂಡರು. ಮನೆಯ ಕಸುಬು ನಿಂತಿತು. ಸೈನ್ಯಕ್ಕೆ ಸೇರಿದ ಎಂಜೊಗೆ ಸಿಕ್ಕಿದ್ದು ಬೆಟ್ಟದ ಫಿರಂಗಿ ದಳದ ಹೇಸರಗತ್ತೆಗಳಿಗೆ ಲಾಳ ಕಟ್ಟುವ ಕೆಲಸ. 1918ರಲ್ಲಿ ಕಾಯಿಲೆ ಬಿದ್ದು ಸೈನ್ಯದಿಂದ ಬಿಡುಗಡೆಯಾದರು.

ಆ ಚಳಿಗಾಲದಲ್ಲಿ ಅವರು ಟುರಿನ್ ನಗರಕ್ಕೆ ಹೋಗಿ ಫಿಯೆಟ್ ಕಂಪನಿಯಲ್ಲಿ ಕೆಲಸ ಕೇಳಿದರು. ಕೆಲಸ ಇಲ್ಲವೆಂಬ ಉತ್ತರ ಬಂತು. ಅಂದು ಪಾರ್ಕಿನ ಬೆಂಚಿನ ಮೇಲೆ ಕೂತು ಅತ್ತದ್ದನ್ನು ಅವರು ಮುದುಕರಾದ ಮೇಲೂ ಮರೆತಿರಲಿಲ್ಲ. ನಂತರ ಮಿಲಾನಿನ ಸಣ್ಣ ಕಂಪನಿಯೊಂದರಲ್ಲಿ ಕೆಲಸ ಹಿಡಿದು, 1919ರಲ್ಲಿ ಮೊದಲ ಸಲ ಕಾರು ಓಟದಲ್ಲಿ ಭಾಗವಹಿಸಿದರು. 1920ರಲ್ಲಿ ಆಲ್ಫಾ ರೋಮಿಯೊ ಕಂಪನಿ ಸೇರಿ, ಅದೇ ವರ್ಷ ಸಿಸಿಲಿ ದ್ವೀಪದ ಪ್ರಸಿದ್ಧ ಟಾರ್ಗಾ ಫ್ಲೋರಿಯೊ ಓಟದಲ್ಲಿ ಎರಡನೇ ಸ್ಥಾನ ಪಡೆದರು.

ಕುದುರೆ ಬಂದ ಬಗೆ

1923ರ ಜೂನ್‌ನಲ್ಲಿ ರಾವೆನ್ನಾ ಬಳಿಯ ಸಾವಿಯೊ ಓಟವನ್ನು ಎಂಜೊ ಗೆದ್ದರು. ಆ ಗೆಲುವಿನ ನಂತರ ಅವರಿಗೆ ಫ್ರಾನ್ಸೆಸ್ಕೊ ಬರಾಕ್ಕಾ ಅವರ ತಂದೆ ತಾಯಿಯ ಪರಿಚಯವಾಯಿತು. ಬರಾಕ್ಕಾ ಮೊದಲ ಮಹಾಯುದ್ಧದಲ್ಲಿ 34 ಶತ್ರು ವಿಮಾನಗಳನ್ನು ಉರುಳಿಸಿದ್ದ ಇಟಲಿಯ ವೀರ ವಿಮಾನ ಯೋಧ. 1918ರ ಜೂನ್‌ನಲ್ಲಿ ಯುದ್ಧದಲ್ಲೇ ಸತ್ತಿದ್ದರು. ಅವರ ವಿಮಾನದ ಮೇಲೆ ಎದ್ದು ನಿಂತ ಕುದುರೆಯ ಚಿತ್ರವಿತ್ತು. ಅದು ಅವರು ಮೊದಲು ಸೇವೆ ಸಲ್ಲಿಸಿದ್ದ ಕುದುರೆ ದಳದ ಗುರುತು. ಮಗನ ಕುದುರೆಯನ್ನು ನಿನ್ನ ಕಾರಿನ ಮೇಲೆ ಹಾಕಿಕೋ, ಒಳ್ಳೆಯದಾಗುತ್ತದೆ ಎಂದು ತಾಯಿ ಪಾವೊಲಿನಾ ಸೂಚಿಸಿದರು ಎಂದು ಎಂಜೊ ಮುಂದೆ ಬರೆದಿದ್ದಾರೆ.

ಕುದುರೆಯ ಹಿಂದಿನ ಹಳದಿ ಬಣ್ಣ ಎಂಜೊ ಅವರೇ ಸೇರಿಸಿದ್ದು. ಅದು ಹುಟ್ಟೂರು ಮೊಡೆನಾದ ಬಣ್ಣ. ಹೀಗೆ ಜಗತ್ಪ್ರಸಿದ್ಧವಾದ ಈ ಲಾಂಛನದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳ ಮಾತೂ ಊರಿನ ಅಭಿಮಾನವೂ ಸೇರಿವೆ.

ಆದರೆ ಲಾಂಛನ ಹಾಕಲು ಅವರದೇ ಆದ ಕಾರು ಇರಲಿಲ್ಲ. 1929ರಲ್ಲಿ ಅವರು ಮೊಡೆನಾದಲ್ಲಿ ಸ್ಕುದೆರಿಯಾ ಫೆರಾರಿ ಎಂಬ ಓಟದ ತಂಡ ಕಟ್ಟಿದರು. ಸ್ಕುದೆರಿಯಾ ಎಂದರೆ ಕುದುರೆ ಲಾಯ. ತಂಡದ ಕಾರುಗಳು ಆಲ್ಫಾ ರೋಮಿಯೊದವು. 1932ರ ಜುಲೈಯಲ್ಲಿ ಬೆಲ್ಜಿಯಂನ ಸ್ಪಾ 24 ಗಂಟೆಗಳ ಓಟದಲ್ಲಿ ತಂಡದ ಕಾರುಗಳ ಮೇಲೆ ಮೊದಲ ಸಲ ಕುದುರೆ ಕಾಣಿಸಿಕೊಂಡಿತು. ಕಾರಿನ ಮುಂಭಾಗದಲ್ಲಿ ಆಲ್ಫಾ ಲಾಂಛನ, ಪಕ್ಕದಲ್ಲಿ ಫೆರಾರಿಯ ಕುದುರೆ. ಕಾರು ಒಬ್ಬರದು, ದುಡಿಮೆ ಇನ್ನೊಬ್ಬರದು. 1935ರಲ್ಲಿ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಟಾಜಿಯೊ ನುವೊಲಾರಿ ಬಲಾಢ್ಯ ಜರ್ಮನ್ ಕಾರುಗಳನ್ನು ಸೋಲಿಸಿದ್ದು ಇಂಥದೇ ಆಲ್ಫಾ ಕಾರಿನಲ್ಲಿ.

ಹೆಸರು ಹಾಕುವಂತಿಲ್ಲ

1938ರಲ್ಲಿ ಆಲ್ಫಾ ರೋಮಿಯೊ ಓಟದ ವಿಭಾಗವನ್ನು ತನ್ನ ಕೈಗೇ ತೆಗೆದುಕೊಂಡಿತು. ಎಂಜೊ ಸಂಬಳದ ವ್ಯವಸ್ಥಾಪಕರಾದರು. ಮೇಲಧಿಕಾರಿಗಳೊಂದಿಗೆ ಹೊಂದಾಣಿಕೆಯಾಗದೆ 1939ರಲ್ಲಿ ಕಂಪನಿ ಬಿಟ್ಟರು. ಬಿಡುವಾಗ ಒಂದು ಷರತ್ತು ಇತ್ತು. ನಾಲ್ಕು ವರ್ಷ ಓಟದಲ್ಲಿ ಫೆರಾರಿ ಎಂಬ ಹೆಸರು ಬಳಸುವಂತಿರಲಿಲ್ಲ. ಸ್ವಂತ ಹೆಸರು ಸ್ವಂತ ಉಪಯೋಗಕ್ಕೆ ಬಾರದಂತಾಯಿತು.

ಎಂಜೊ ಸುಮ್ಮನೆ ಕೂರಲಿಲ್ಲ. ಆಟೊ ಆವಿಯೊ ಕೊಸ್ತ್ರುತ್ಸಿಯೊನಿ ಎಂಬ ಹೆಸರಿನಲ್ಲಿ ಕಂಪನಿ ತೆರೆದರು. ಕಾರು, ವಿಮಾನ ನಿರ್ಮಾಣ ಎಂಬಷ್ಟೇ ಅದರ ಅರ್ಥ. ಅಲ್ಲಿ 815 ಎಂಬ ಎರಡು ಓಟದ ಕಾರುಗಳು ತಯಾರಾದವು. ಎಂಟು ಸಿಲಿಂಡರ್, ಒಂದೂವರೆ ಲೀಟರ್ ಎಂಜಿನ್, ಅದಕ್ಕೇ 815. ಅನೇಕ ಬಿಡಿಭಾಗಗಳನ್ನು ಆಗಿನ ಫಿಯೆಟ್ 1100 ಕಾರಿನಿಂದ ತೆಗೆದುಕೊಳ್ಳಲಾಗಿತ್ತು. ಮುಂದೆ ಮುಂಬೈಯಲ್ಲಿ ತಯಾರಾಗಿ, ಫಿಯೆಟ್ ಹೆಸರು ಕಳಚಿ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡ ನಮ್ಮ ರಸ್ತೆಗಳ ಹಳೆಯ ಕಾರು ಅದೇ ವಂಶದ್ದು.

1940ರ ಏಪ್ರಿಲ್ 28ರಂದು ಬ್ರೆಷಾ ಓಟದಲ್ಲಿ ಎರಡೂ 815 ಕಾರುಗಳು ಇಳಿದವು. ಒಂದನ್ನು ಮುಂದೆ ಎರಡು ಸಲ ವಿಶ್ವ ಚಾಂಪಿಯನ್ ಆಗಲಿದ್ದ ಆಲ್ಬರ್ಟೊ ಆಸ್ಕಾರಿ ಓಡಿಸಿದರು, ಇನ್ನೊಂದನ್ನು ಲೊತಾರಿಯೊ ರಂಗೋನಿ. ವೇಗವೇನೋ ಇತ್ತು. ಆದರೆ ಎರಡೂ ನಡುವೆಯೇ ಕೆಟ್ಟು ನಿಂತವು. ಕುದುರೆಯೂ ಇಲ್ಲ, ಫೆರಾರಿ ಎಂಬ ಅಕ್ಷರವೂ ಇಲ್ಲ. ಆದರೂ ಎಂಜೊ ಸ್ವತಂತ್ರವಾಗಿ ಕಟ್ಟಿಸಿದ ಮೊದಲ ಕಾರು ಅದೇ. ಎರಡು ತಿಂಗಳೊಳಗೆ ಇಟಲಿ ಯುದ್ಧಕ್ಕೆ ಇಳಿಯಿತು. ಕಾರಿನ ಕೆಲಸ ನಿಂತು ಯಂತ್ರೋಪಕರಣ ತಯಾರಿಕೆ ನಡೆಯಿತು. 1943ರಲ್ಲಿ ಕಾರ್ಖಾನೆ ಮೊಡೆನಾದಿಂದ ಹತ್ತಿರದ ಮರಾನೆಲ್ಲೊ ಹಳ್ಳಿಗೆ ಬಂತು. ಅಲ್ಲೂ ಬಾಂಬು ಬಿತ್ತು. ಮತ್ತೆ ಕಟ್ಟಿದರು.

1947ರ ಮೇ 11ರಂದು ಪಿಯಾಚೆನ್ಜಾದಲ್ಲಿ ಫೆರಾರಿ ಎಂಬ ಹೆಸರು, ಕುದುರೆಯ ಬಿಲ್ಲೆ ಎರಡನ್ನೂ ಹೊತ್ತ ಮೊದಲ ಕಾರು 125 ಎಸ್ ಓಟಕ್ಕಿಳಿಯಿತು. ಮುಂದಿದ್ದರೂ ಪೆಟ್ರೋಲ್ ಪಂಪು ಕೈಕೊಟ್ಟು ನಿಂತಿತು. ಎರಡೇ ವಾರದಲ್ಲಿ ರೋಮ್‌ನಲ್ಲಿ ಗೆದ್ದಿತು. 1951ರ ಜುಲೈ 14ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಅರ್ಜೆಂಟೀನಾದ ಗೊನ್ಜಾಲೆಸ್ ಓಡಿಸಿದ ಫೆರಾರಿ, ಆಲ್ಫಾ ರೋಮಿಯೊವನ್ನೇ ಸೋಲಿಸಿತು. ಹೆಸರು ಬಿಡಿಸಿದ್ದ ಕಂಪನಿಯನ್ನು ಗೆದ್ದ ಆ ದಿನ ಎಂಜೊ ಅತ್ತರು. ತಾಯಿಯನ್ನೇ ಕೊಂದಂತೆ ಅನ್ನಿಸಿತು ಎಂದು ಅವರು ಮುಂದೆ ಬರೆದುಕೊಂಡರು.

ಮಗ ಡಿನೊ

ಎಂಜೊ ಮತ್ತು ಲಾರಾ ದಂಪತಿಯ ಮಗ 1932ರ ಜನವರಿಯಲ್ಲಿ ಹುಟ್ಟಿದ. ಅಜ್ಜನ, ತೀರಿಹೋದ ದೊಡ್ಡಪ್ಪನ ಹೆಸರನ್ನೇ ಇಟ್ಟರು, ಆಲ್ಫ್ರೆಡೊ. ಕರೆಯುತ್ತಿದ್ದುದು ಡಿನೊ ಎಂದು. ಹುಡುಗನಿಗೆ ಎಂಜಿನ್‌ಗಳೆಂದರೆ ಪ್ರಾಣ. ಆದರೆ ಸ್ನಾಯುಗಳು ದಿನೇ ದಿನೇ ಶಕ್ತಿ ಕಳೆದುಕೊಳ್ಳುವ, ಔಷಧಿಯಿಲ್ಲದ ಕಾಯಿಲೆ ಅವನನ್ನು ಹಿಡಿದಿತ್ತು. ಹಾಸಿಗೆ ಹಿಡಿದಾಗಲೂ ಅವನು ತಂದೆಯೊಂದಿಗೆ, ಹಿರಿಯ ಎಂಜಿನಿಯರ್ ವಿತ್ತೋರಿಯೊ ಯಾನೊ ಅವರೊಂದಿಗೆ ಆರು ಸಿಲಿಂಡರಿನ ಹೊಸ ಎಂಜಿನ್ ಬಗ್ಗೆ ಚರ್ಚಿಸುತ್ತಿದ್ದ ಎಂದು ಎಂಜೊ ಬರೆದಿದ್ದಾರೆ. 1956ರ ಜೂನ್ 30ರಂದು ಡಿನೊ ಕಣ್ಣು ಮುಚ್ಚಿದ. ವಯಸ್ಸು 24.

ಮರು ವರ್ಷವೇ ಓಟಕ್ಕೆ ಬಂದ ಆ ಎಂಜಿನ್‌ಗೆ ಡಿನೊ ಎಂದೇ ಹೆಸರಾಯಿತು. 1958ರಲ್ಲಿ ಡಿನೊ 246 ಓಡಿಸಿ ಮೈಕ್ ಹಾಥಾರ್ನ್ ವಿಶ್ವ ಚಾಂಪಿಯನ್ ಆದರು.

ಆ ವರ್ಷಗಳು ಬರೀ ಗೆಲುವಿನವಲ್ಲ. 1957ರ ಮೇ 12ರಂದು ಮಿಲ್ಲೆ ಮಿಲ್ಯ ಓಟದಲ್ಲಿ ಗುಯಿದಿತ್ಸೊಲೊ ಹಳ್ಳಿಯ ಬಳಿ ಫೆರಾರಿ ಕಾರಿನ ಟೈರು ಸಿಡಿದು ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರೂ, ರಸ್ತೆ ಬದಿಯಲ್ಲಿದ್ದ ಒಂಬತ್ತು ಮಂದಿಯೂ ಸತ್ತರು. ಅವರಲ್ಲಿ ಐವರು ಮಕ್ಕಳು. ಎಂಜೊ ಮೇಲೆ ಮೊಕದ್ದಮೆ ನಡೆದು 1961ರಲ್ಲಿ ಖುಲಾಸೆಯಾಯಿತು. ಅವರ ಕಾರುಗಳಲ್ಲಿ ಸತ್ತ ಚಾಲಕರು ಹಲವರು. ಕುದುರೆಯ ಬಿಲ್ಲೆಗೆ ಈ ಲೆಕ್ಕವೂ ಸೇರುತ್ತದೆ.

ಹಟವೂ ಕಡಿಮೆ ಇರಲಿಲ್ಲ. 1964ರಲ್ಲಿ ತಮ್ಮ ಹೊಸ ಕಾರೊಂದರ ಮಾನ್ಯತೆಯ ವಿಷಯದಲ್ಲಿ ಇಟಲಿಯ ಮೋಟಾರು ಸಂಸ್ಥೆ ಬೆನ್ನಿಗೆ ನಿಲ್ಲಲಿಲ್ಲವೆಂದು ಸಿಟ್ಟಾದ ಎಂಜೊ, ಇಟಲಿಯ ಓಟದ ಬಣ್ಣವಾದ ಕೆಂಪನ್ನೇ ತೆಗೆಸಿಬಿಟ್ಟರು. ಆ ವರ್ಷದ ಕೊನೆಯ ಎರಡು ಓಟಗಳಿಗೆ ಕಾರುಗಳು ಅಮೆರಿಕದ ತಂಡವೊಂದರ ಹೆಸರಿನಲ್ಲಿ, ನೀಲಿ ಬಿಳಿ ಬಣ್ಣದಲ್ಲಿ ಹೋದವು. ಜಾನ್ ಸರ್ಟೀಸ್ ವಿಶ್ವ ಚಾಂಪಿಯನ್ ಆದದ್ದು ಆ ನೀಲಿ ಬಿಳಿ ಕಾರಿನಲ್ಲೇ.

ಕುದುರೆ ಇಲ್ಲದ ಬಾನೆಟ್

1967ರಿಂದ ಫಾರ್ಮುಲಾ 2 ಓಟಕ್ಕೆ ಹೊಸ ನಿಯಮ ಬಂತು. ಓಟದ ಎಂಜಿನ್ ಕನಿಷ್ಠ 500 ಮಾರಾಟದ ಕಾರುಗಳಲ್ಲಿ ಬಳಕೆಯಾಗಿರಬೇಕು. ಅಷ್ಟು ತಯಾರಿಸುವ ಶಕ್ತಿ ಮರಾನೆಲ್ಲೊಗೆ ಇರಲಿಲ್ಲ. ಒಮ್ಮೆ ಕೆಲಸ ಕೊಡದೆ ಕಳಿಸಿದ್ದ ಫಿಯೆಟ್ ಕಂಪನಿಯೇ ಈಗ ಜೊತೆಯಾಯಿತು. ಡಿನೊ ಎಂಜಿನ್ ಫಿಯೆಟ್‌ನ ಕಾರಿಗೂ ಹೋಯಿತು, ಮರಾನೆಲ್ಲೊದ ಹೊಸ ಸ್ಪೋರ್ಟ್ಸ್ ಕಾರಿಗೂ ಬಂತು. ಚಾಲಕನ ಬೆನ್ನ ಹಿಂದೆ ಎಂಜಿನ್ ಇಟ್ಟ ಆ ಪುಟ್ಟ ಕಾರು ಡಿನೊ 206 ಜಿಟಿ. ನಂತರ ಬಂದದ್ದು 246 ಜಿಟಿ.

ಈ ಕಾರಿನ ಮೂತಿಯಲ್ಲಿ ಕುದುರೆ ಇರಲಿಲ್ಲ. ಫೆರಾರಿ ಎಂಬ ಹೆಸರೂ ಇರಲಿಲ್ಲ. ಹಳದಿ ಬಿಲ್ಲೆಯ ಮೇಲೆ ನೀಲಿ ಅಕ್ಷರಗಳಲ್ಲಿ ಡಿನೊ ಎಂದಷ್ಟೇ ಇತ್ತು. ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು. ಹನ್ನೆರಡು ಸಿಲಿಂಡರಿನ ದುಬಾರಿ ಕಾರುಗಳಿಗೆ ಮಾತ್ರ ಫೆರಾರಿ ಹೆಸರು ಮೀಸಲು, ಆರು ಸಿಲಿಂಡರಿನ ಕಡಿಮೆ ಬೆಲೆಯ ಕಾರಿಗೆ ಬೇರೆ ಹೆಸರು ಎಂಬುದು ಯೋಜನೆ. ಆದರೆ ಆರಿಸಿದ ಹೆಸರು ಮಗನದು. ನಿತ್ಯ ಬೆಳಿಗ್ಗೆ ಮಗನ ಸಮಾಧಿಗೆ ಹೋಗಿಬಂದು ಕೆಲಸ ಶುರು ಮಾಡುತ್ತಿದ್ದ ತಂದೆಗೆ ಅದು ಬರೀ ವ್ಯಾಪಾರವಾಗಿರಲಿಲ್ಲ.

1974ರವರೆಗೆ ಇಂಥ ಸುಮಾರು 3,700 ಕಾರುಗಳು ತಯಾರಾದವು. ದುಡ್ಡು ಕೊಟ್ಟ ಕೆಲವು ಮಾಲೀಕರಿಗೆ ಕುದುರೆ ಇಲ್ಲದ್ದು ಸಹಿಸಲಿಲ್ಲ. ಅವರು ತಾವೇ ಫೆರಾರಿ ಬಿಲ್ಲೆ ತಂದು ಅಂಟಿಸಿಕೊಂಡರು. 1973ರಲ್ಲಿ ಬಂದ ಡಿನೊ 308 ಜಿಟಿ4 ಕಾರಿಗೂ ಮೊದಲು ಡಿನೊ ಬಿಲ್ಲೆಯೇ ಇತ್ತು. ಮಾರಾಟಕ್ಕೆ ತೊಡಕಾಗಿ 1976ರಲ್ಲಿ ಕಂಪನಿಯೇ ಅದಕ್ಕೆ ಕುದುರೆ ಹಾಕಿತು. ಕಾಲ ಬದಲಾಗಿದೆ. ಇಂದು ಹಳೆಯ ಡಿನೊ ಕಾರುಗಳಿಗೆ ಲಕ್ಷಾಂತರ ಡಾಲರ್ ಬೆಲೆ. ಮೂಲ ರೂಪ ಬಯಸುವ ಸಂಗ್ರಾಹಕರು ಮಧ್ಯೆ ಸೇರಿದ ಫೆರಾರಿ ಬಿಲ್ಲೆಯನ್ನು ಕಿತ್ತು, ಅದರ ಜಾಗದಲ್ಲಿ ಮತ್ತೆ ಡಿನೊ ಹೆಸರನ್ನೇ ಕೂರಿಸುತ್ತಾರೆ.

ಹೆಸರಿಗೆ ಕಾದ ಇನ್ನೊಬ್ಬ ಮಗ

ಸತ್ತ ಮಗನ ಹೆಸರು ಕಾರಿನ ಮೇಲೆ ಓಡಾಡುತ್ತಿದ್ದಾಗ ಎಂಜೊಗೆ ಇನ್ನೊಬ್ಬ ಮಗನಿದ್ದ. ಲೀನಾ ಲಾರ್ದಿ ಎಂಬುವರಲ್ಲಿ 1945ರಲ್ಲಿ ಹುಟ್ಟಿದ ಪಿಯೆರೊ. ಆಗಿನ ಇಟಲಿಯಲ್ಲಿ ವಿಚ್ಛೇದನಕ್ಕೆ ಅವಕಾಶವಿರಲಿಲ್ಲ. ಮದುವೆಯಾದ ಗಂಡಸು ಬೇರೊಬ್ಬಳಲ್ಲಿ ಪಡೆದ ಮಗುವಿಗೆ ತನ್ನ ಹೆಸರು ಕೊಡಲು ಕಾನೂನು ಬಿಡುತ್ತಿರಲಿಲ್ಲ. ಪಿಯೆರೊ ತಾಯಿಯ ಹೆಸರಿನಲ್ಲೇ ಬೆಳೆದರು. ಮರಾನೆಲ್ಲೊ ಕಾರ್ಖಾನೆಯಲ್ಲಿ ತಂದೆಯ ಕೈಕೆಳಗೇ ದುಡಿದರೂ ಅವರು ಪಿಯೆರೊ ಲಾರ್ದಿ.

1970ರ ದಶಕದಲ್ಲಿ ಇಟಲಿಯ ಕುಟುಂಬ ಕಾನೂನು ಬದಲಾಯಿತು. ಆದರೂ ಲಾರಾ ಬದುಕಿರುವವರೆಗೆ ಎಂಜೊ ಬಾಯಿ ಬಿಡಲಿಲ್ಲ. 1978ರಲ್ಲಿ ಲಾರಾ ತೀರಿಕೊಂಡ ಮೇಲೆ ಪಿಯೆರೊ ತಮ್ಮ ಮಗನೆಂದು ಬಹಿರಂಗವಾಗಿ ಒಪ್ಪಿಕೊಂಡರು. ಮೂವತ್ತು ದಾಟಿದ ಮೇಲೆ ಪಿಯೆರೊಗೆ ಫೆರಾರಿ ಎಂಬ ಹೆಸರು ಸಿಕ್ಕಿತು. ತಮ್ಮ ಹೆಸರನ್ನು ನಾಲ್ಕು ವರ್ಷ ಬಳಸುವಂತಿಲ್ಲ ಎಂದಾಗ ಎಂಜೊಗೆ ಆದ ನೋವು ದೊಡ್ಡದೇ. ಈ ಮಗ ಅದೇ ಹೆಸರಿಗಾಗಿ ಕಾದದ್ದು ಮೂರು ದಶಕ.

1969ರಲ್ಲೇ ಕಂಪನಿಯ ಅರ್ಧ ಪಾಲು ಫಿಯೆಟ್‌ಗೆ ಹೋಗಿತ್ತು. ಓಟದ ವಿಭಾಗದ ಹಿಡಿತವನ್ನು ಮಾತ್ರ ಎಂಜೊ ಕೊನೆಯವರೆಗೂ ಬಿಟ್ಟುಕೊಡಲಿಲ್ಲ. ಕಪ್ಪು ಕನ್ನಡಕ, ನೇರಳೆ ಶಾಯಿಯ ಪೆನ್ನು, ಮರಾನೆಲ್ಲೊದ ಅದೇ ಕಚೇರಿ.

1988ರ ಆಗಸ್ಟ್ 14ರಂದು, 90ನೇ ವಯಸ್ಸಿನಲ್ಲಿ ಎಂಜೊ ಫೆರಾರಿ ತೀರಿಕೊಂಡರು. ಅವರ ಇಚ್ಛೆಯಂತೆ ಸದ್ದುಗದ್ದಲವಿಲ್ಲದೆ ಅಂತ್ಯಕ್ರಿಯೆ ಮುಗಿದ ಮೇಲಷ್ಟೇ ಸುದ್ದಿ ಹೊರಬಿತ್ತು. ಒಂದು ತಿಂಗಳೊಳಗೆ, ಸೆಪ್ಟೆಂಬರ್ 11ರಂದು, ಇಟಲಿಯ ಮೊನ್ಜಾ ಓಟದಲ್ಲಿ ಫೆರಾರಿ ಕಾರುಗಳು ಮೊದಲ ಎರಡು ಸ್ಥಾನ ಪಡೆದವು. ಆ ವರ್ಷದ 16 ಓಟಗಳಲ್ಲಿ ಮೆಕ್‌ಲಾರೆನ್ ತಂಡ ಸೋತದ್ದು ಅದೊಂದನ್ನೇ. ಫಿಯೆಟ್ ತನ್ನ ಪಾಲನ್ನು ಶೇ 90ಕ್ಕೆ ಏರಿಸಿಕೊಂಡಿತು. ಉಳಿದ ಶೇ 10 ಪಿಯೆರೊ ಫೆರಾರಿ ಅವರ ಹೆಸರಿಗೆ ಬಂತು. ಎಂಜೊ ಅವರನ್ನು ಮೊಡೆನಾದ ಸಾನ್ ಕತಾಲ್ದೊ ಸ್ಮಶಾನದಲ್ಲಿ, ಡಿನೊ ಮಲಗಿರುವ ಕುಟುಂಬದ ಸಮಾಧಿಯಲ್ಲೇ ಇರಿಸಲಾಗಿದೆ.