ಟೆಡಿಂಗ್ಟನ್ ಸಭಾಪಾಲಕರಾಗಿದ್ದ ಸ್ಟೀಫನ್ ಹೇಲ್ಸ್ ಅಯ್ಯನವರ ಚರಿತ್ರೆ

ನಮ್ಮ ಬಂಡಳ್ಳಿ ಸೀಮೆಯವರು ಹನೂರಿಗೋ ಕೊಳ್ಳೇಗಾಲಕ್ಕೋ ಹೋಗಿ, ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಿ.ಪಿ. ನೋಡಿಸಿಕೊಳ್ಳುವುದುಂಟು. ಬೆಳಿಗ್ಗೆ ಒಂದು ಅಂಕಿ, ಸಂಜೆ ಮತ್ತೊಂದು ಅಂಕಿ ಬಂದರೆ ಯಂತ್ರವೇ ಸುಳ್ಳೆಂದು ಹೇಳುವವರೂ, ಅಂಕಿ ತಗ್ಗಿದ ದಿನವೇ ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟುಬಿಡುವವರೂ ಇದ್ದಾರೆ. ಈ ಒತ್ತಡವನ್ನು ಮೊದಲು ಅಳೆದವರು ಒಂದು ಹಳ್ಳಿಯ ಸಭಾಪಾಲಕರೆಂಬುದನ್ನು ವಾಚಕರಲ್ಲಿ ಅನೇಕರು ಕೇಳಿರಲಿಕ್ಕಿಲ್ಲ.

ಸ್ಟೀಫನ್ ಹೇಲ್ಸ್ ಅಯ್ಯನವರು 1677ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ವಿದ್ಯಾಭ್ಯಾಸಮಾಡಿ, 1709ರಲ್ಲಿ ಥೇಮ್ಸ್ ನದೀತೀರದ ಟೆಡಿಂಗ್ಟನ್ ಗ್ರಾಮದ ಸಭೆಗೆ ನೇಮಕವಾದರು. 1720ರಲ್ಲಿ ವಿವಾಹವಾಯಿತು, ಮರುವರುಷವೇ ಪತ್ನಿಯು ತೀರಿಕೊಂಡಳು, ಮಕ್ಕಳಿರಲಿಲ್ಲ.

ಕೆಲಸಕ್ಕೆ ಬಾರದೆ ಹೇಗೂ ಕೊಲ್ಲಬೇಕಾಗಿದ್ದ ಒಂದು ಹೆಣ್ಣುಕುದುರೆಯನ್ನು ಮಲಗಿಸಿ ಕಟ್ಟಿಸಿ, ಅದರ ತೊಡೆಯ ಧಮನಿಯಲ್ಲಿ ಹಿತ್ತಾಳೆಯ ಸಣ್ಣ ಕೊಳವೆಯನ್ನಿಟ್ಟು, ಅದಕ್ಕೆ 9 ಅಡಿ ಉದ್ದದ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿದರು. ರಕ್ತವು ಗುಂಡಿಗೆಯ ಮಟ್ಟಕ್ಕಿಂತ 8 ಅಡಿ 3 ಅಂಗುಲ ಮೇಲಕ್ಕೇರಿತು. ಏರಿದ್ದು ಅಲ್ಲೇ ನಿಲ್ಲಲಿಲ್ಲ. ನಾಡಿಯ ಒಂದೊಂದು ಬಡಿತಕ್ಕೂ ಎರಡು, ಮೂರು, ನಾಲ್ಕು ಅಂಗುಲ ಏರುತ್ತಲೂ ಇಳಿಯುತ್ತಲೂ ಇತ್ತು. ಒಮ್ಮೊಮ್ಮೆ ಒಂದಡಿಗೂ ಹೆಚ್ಚು ಕುಸಿಯುತ್ತಿತ್ತು. ಪ್ರಾಣಿಯು ದೀರ್ಘವಾಗಿ ಉಸಿರೆಳೆದಾಗ ಮೇಲಕ್ಕೆ ಹೋಗುತ್ತಿತ್ತು. ನೋವಡಗಿಸುವ ಔಷಧವಿಲ್ಲದ ಕಾಲವದು. ನೆರೆಯೂರಿನ ಪೋಪ್ ಕವಿಯು ಅಯ್ಯನವರ ಸ್ನೇಹಿತನಾಗಿದ್ದರೂ ಈ ಕೆಲಸವನ್ನು ಮೆಚ್ಚಲಿಲ್ಲ. ಕವಿಯದು ತಪ್ಪೆಂದು ನಾವೂ ಹೇಳಲಾರೆವು.

1733ರಲ್ಲಿ ಅಚ್ಚಾದ ಅವರ ಗ್ರಂಥವು ಈ ಏರಿಳಿತದ ಕಾರಣಗಳನ್ನು ವಿಚಾರಿಸಿತು. ಗುಂಡಿಗೆಯು ರಕ್ತವನ್ನು ಬಿಟ್ಟುಬಿಟ್ಟು ನೂಕುತ್ತದೆ. ಆದರೆ ದೊಡ್ಡ ಧಮನಿಗಳು ಹಿಗ್ಗುವ ಗುಣವುಳ್ಳವುಗಳಾದ್ದರಿಂದ, ನೂಕಿದಾಗ ಹಿಗ್ಗಿ, ಗುಂಡಿಗೆಯು ವಿಶ್ರಮಿಸುವಾಗ ಕುಗ್ಗುತ್ತಾ ರಕ್ತವನ್ನು ಮುಂದಕ್ಕೆ ಸಾಗಿಸುತ್ತವೆ. ಬೆಂಕಿಯಾರಿಸುವ ಯಂತ್ರದಲ್ಲಿ ಗಾಳಿ ತುಂಬಿದ ಬುರುಡೆಯು ನೀರಿನ ಧಾರೆ ಕಡಿಯದಂತೆ ಕಾಯುವುದನ್ನು ಅಯ್ಯನವರು ಇದಕ್ಕೆ ಹೋಲಿಸಿದರು. ಮುಪ್ಪಿನಲ್ಲಿ ಧಮನಿಗಳು ಬಿರುಸಾದರೆ ಮೇಲಿನ ಅಂಕಿ ಏಕೆ ಹೆಚ್ಚುತ್ತದೆಂಬುದು ಇದರಿಂದ ತಿಳಿಯುತ್ತದೆ.

ಒತ್ತಡಕ್ಕೆ ಮುಖ್ಯ ತಡೆಯಿರುವುದು ಕೂದಲಿಗಿಂತ ಸೂಕ್ಷ್ಮವಾದ ನಾಳಗಳಲ್ಲಿಯೇ ಎಂದೂ ಕಂಡುಕೊಂಡರು. ಸತ್ತ ನಾಯಿಯ ಕರುಳಿನ ನಾಳಗಳಲ್ಲಿ ಬೆಚ್ಚನೆಯ ನೀರನ್ನು ಹರಿಸಿದರೆ ಬೇಗ ಹರಿಯಿತು. ಬ್ರಾಂದಿಯನ್ನು ಹರಿಸಿದರೆ ನಾಳಗಳು ಸಂಕುಚಿತವಾಗಿ ಹರಿವು ನಿಧಾನವಾಯಿತು. ಗದ್ದೆಯ ತೂಬನ್ನು ಕಿರಿದುಮಾಡಿದರೆ ಹಿಂದೆ ನೀರು ಏರುವುದಷ್ಟೇ. ನಾವು ಕೋಪಿಸಿಕೊಂಡಾಗ, ಹೆದರಿದಾಗ, ಚಳಿಗೆ ನಡುಗಿದಾಗ ಈ ಸಣ್ಣ ನಾಳಗಳು ಬಿಗಿಯುತ್ತವೆ, ನಿದ್ರೆಯಲ್ಲಿ ಸಡಿಲವಾಗುತ್ತವೆ. ಆದಕಾರಣ ಒಂದೇ ದಿನದಲ್ಲಿ ಅಂಕಿ ಬದಲಾಗುವುದು ಸಹಜವೇ. ವೈದ್ಯರು ಹಲವು ಸಲ ಅಳೆದು ನೋಡುವುದೂ ಅದಕ್ಕಾಗಿಯೇ.

ಮದ್ಯದ ವಿಷಯದಲ್ಲಿ ಅಯ್ಯನವರು ಸುಮ್ಮನಿರಲಿಲ್ಲ. ಲಂಡನ್ ಪಟ್ಟಣದ ಬಡವರನ್ನು ಜಿನ್ ಎಂಬ ಸಾರಾಯಿಯು ಕೆಡಿಸುತ್ತಿದ್ದ ದಿನಗಳಲ್ಲಿ ಕುಡುಕರಿಗೆ ಬುದ್ಧಿಹೇಳುವ ಚಿಕ್ಕ ಪುಸ್ತಕವನ್ನು ಬರೆದರು. ಹಡಗುಗಳಿಗೂ ಸೆರೆಮನೆಗಳಿಗೂ ಗಾಳಿಯಾಡಿಸುವ ಯಂತ್ರಗಳನ್ನು ನಿರ್ಮಿಸಿದರು. ತಮ್ಮ ಗ್ರಾಮಕ್ಕೆ ಒಳ್ಳೆಯ ನೀರನ್ನು ತರಿಸಿದರು.

ಜೀವವಿರುವ ಮನುಷ್ಯನ ಧಮನಿಯನ್ನು ಸೀಳದೆ ಒತ್ತಡವನ್ನು ಅಳೆಯಲು ತೋಳಿನ ಪಟ್ಟಿಯು ಇಟಲಿಯ ರಿವಾ-ರೊಚ್ಚಿ ಎಂಬ ವೈದ್ಯನಿಂದ ಬಂದದ್ದು 1896ರಲ್ಲಿ. ಹೇಲ್ಸ್ ಅಯ್ಯನವರು 1761ರ ಜನವರಿ 4ರಂದು ತಮ್ಮ 83ನೆಯ ವಯಸ್ಸಿನಲ್ಲಿ ಟೆಡಿಂಗ್ಟನ್‌ನಲ್ಲಿಯೇ ತೀರಿಕೊಂಡರು. ರಾಜಕುಮಾರಿ ಅಗಸ್ಟಾ ಅವರ ಸ್ಮಾರಕವನ್ನು ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ನಿಲ್ಲಿಸಿದಳು. ದೇಹವನ್ನು ಮಾತ್ರ ಅವರ ಹಳ್ಳಿಯ ದೇವಾಲಯದ ಗೋಪುರದ ಕೆಳಗೆ ಹೂಣಿದರು.