ಭಾಷೆಗಳ ಕಾರ್ಡಿನಲ್ ಮೆಜ್ಜೊಫಾಂಟಿ

ಎಪ್ಪತ್ತೆರಡು ಭಾಷೆಗಳನ್ನು ಬಲ್ಲವರೆಂದು ಖ್ಯಾತರಾದ ಕಾರ್ಡಿನಲ್ ಜುಸೆಪ್ಪೆ ಮೆಜ್ಜೊಫಾಂಟಿಯವರ ಹೆಸರನ್ನು ಓದುಗರಲ್ಲಿ ಹಲವರು ಕೇಳಿರಬಹುದು. ಸಂಖ್ಯೆಯನ್ನು ಕೇಳಿದೊಡನೆ ನಾವು ಬೆರಗಾಗುತ್ತೇವೆ. ಆದರೆ ಒಂದು ಭಾಷೆಯನ್ನು ಬಲ್ಲೆವೆಂದರೆ ಏನರ್ಥ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು ಅವರ ಜೀವನವನ್ನು ನೋಡುವುದು ಉಚಿತವೆಂದು ನಮಗೆ ತೋರುತ್ತದೆ.

1774ರಲ್ಲಿ ಇಟಲಿಯ ಬೊಲೊಞ ನಗರದಲ್ಲಿ ಬಡಗಿಯೊಬ್ಬರ ಮಗನಾಗಿ ಅವರು ಜನಿಸಿದರು. 1767ರಲ್ಲಿ ಸ್ಪೇನಿನ ಅರಸನು ಯೇಸುಸಭೆಯ ಗುರುಗಳನ್ನು ತನ್ನ ರಾಜ್ಯದಿಂದಲೂ ಅಮೆರಿಕದ ವಸಾಹತುಗಳಿಂದಲೂ ಹೊರದೂಡಿದ್ದನು. ಅವರಲ್ಲಿ ಅನೇಕರು ಬೊಲೊಞದಲ್ಲಿ ನೆಲೆಸಿದ್ದರು. ಹೀಗೆ ದೇಶ ಕಳೆದುಕೊಂಡವರ ಪಾದಮೂಲದಲ್ಲಿ ಬಾಲಕನ ಭಾಷಾಭ್ಯಾಸ ಬೆಳೆಯಿತು. ಗ್ರೀಕ್ ಕಲಿಸಿದ ಸ್ಪೇನಿನ ಫಾದರ್ ಅಪೋಂತೆಯವರನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1797ರಲ್ಲಿ ಗುರುದೀಕ್ಷೆ, ಅದೇ ವರ್ಷ ವಿಶ್ವವಿದ್ಯಾನಿಲಯದಲ್ಲಿ ಅರಬ್ಬೀ ಪ್ರಾಧ್ಯಾಪಕ ಪೀಠ. ಆಗ ಉತ್ತರ ಇಟಲಿ ನೆಪೋಲಿಯನ್ನನ ಕೈಗೆ ಸಿಕ್ಕಿತ್ತು. ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಬೇಕೆಂಬ ಆಜ್ಞೆ ಬಂದಿತು. ಇಪ್ಪತ್ತನಾಲ್ಕರ ಆಸುಪಾಸಿನ ಆ ತರುಣ ಗುರು ಒಪ್ಪಲಿಲ್ಲ, ಪೀಠ ಹೋಯಿತು. ಮನೆಯವರನ್ನು ಸಾಕುವ ಹೊಣೆ ಮಾತ್ರ ಹೋಗಲಿಲ್ಲ. ಮನೆಪಾಠ ಹೇಳಿ ದಿನ ದೂಡಿದರು. ಇಷ್ಟೆಲ್ಲ ಭಾಷೆಗಳಲ್ಲಿ ಮಾತನಾಡಬಲ್ಲವರು ಒಂದು ಪ್ರಮಾಣವಚನವನ್ನು ಮಾತ್ರ ಉಚ್ಚರಿಸಲು ನಿರಾಕರಿಸಿದರೆಂಬುದನ್ನು ನಾವು ಗಮನಿಸಬೇಕು.

ಆ ಯುದ್ಧಗಳ ಕಾಲದಲ್ಲಿ ಬೊಲೊಞದ ಆಸ್ಪತ್ರೆಗಳು ಗಾಯಾಳು ಸೈನಿಕರಿಂದ ತುಂಬಿದ್ದವು. ಆಸ್ಟ್ರಿಯದ ಸೇನೆಯಲ್ಲಿ ಜರ್ಮನರು, ಹಂಗೇರಿಯನರು, ಚೆಕ್ಕರು, ಸ್ಲಾವರು ಎಲ್ಲರೂ ಇದ್ದರು. ಸಾಯುತ್ತಿರುವ ಸೈನಿಕನು ಪಾಪನಿವೇದನೆ ಮಾಡಬಯಸಿದರೆ ಕೇಳಬಲ್ಲ ಗುರುವಿಲ್ಲ. ಇಂಥಲ್ಲಿ ಮೆಜ್ಜೊಫಾಂಟಿಯವರು ಹಾಸಿಗೆಯ ಬಳಿ ಕುಳಿತು, ಪ್ರಭು ಕಲಿಸಿದ ಪ್ರಾರ್ಥನೆ, ವಿಶ್ವಾಸ ಸಂಗ್ರಹ, ದಶಾಜ್ಞೆ ಇವುಗಳನ್ನು ರೋಗಿಯಿಂದಲೇ ಹೇಳಿಸಿಕೊಳ್ಳುತ್ತಿದ್ದರಂತೆ. ಅರ್ಥ ಮೊದಲೇ ತಿಳಿದಿದ್ದುದರಿಂದ ಶಬ್ದಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಮರಣದಂಡನೆಗೆ ಗುರಿಯಾದ ಇಬ್ಬರು ಪರದೇಶಿಗಳಿಗಾಗಿ ಒಂದೇ ರಾತ್ರಿಯಲ್ಲಿ ಅವರ ಭಾಷೆ ಕಲಿತರೆಂಬ ಕಥೆಯೂ ಇದೆ. ಅದನ್ನು ಐತಿಹ್ಯವೆನ್ನುವುದೇ ಲೇಸು.

1831ರಲ್ಲಿ ರೋಮಿಗೆ ಬಂದು ನೆಲೆಸಿದ ಮೇಲೆ, ನಾನಾ ದೇಶಗಳಿಂದ ಬಂದ ಗುರುಮಠದ ವಿದ್ಯಾರ್ಥಿಗಳೇ ಅವರಿಗೆ ಗುರುಗಳಾದರು. ಚೀನೀ ಭಾಷೆಗಾಗಿ ನೇಪಲ್ಸಿಗೆ ಹೋಗಿ, ಕಾಯಿಲೆ ಬಿದ್ದು ಮರಳಿದರೂ ಬಿಡದೆ ಕಲಿತರು. ಆದರೆ ಇಟಲಿಯನ್ನು ಬಿಟ್ಟು ಹೊರಗೆ ಕಾಲಿಟ್ಟವರೇ ಅಲ್ಲ. 1833ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಪಾಲಕರಾದರು. 1838ರಲ್ಲಿ ಕಾರ್ಡಿನಲ್ ಪದವಿ.

ಮೊದಲಿನ ಪ್ರಶ್ನೆಗೆ ಮರಳೋಣ. ಐರ್ಲೆಂಡಿನ ಮೇನೂತ್ ಗುರುಮಠದ ಮುಖ್ಯಸ್ಥರಾಗಿದ್ದ ಫಾದರ್ ರಸೆಲ್ ಅವರು 1858ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಆ ಎಪ್ಪತ್ತೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಪರೀಕ್ಷೆಗೆ ಒಳಗಾಗಿ ಗೆದ್ದ ಭಾಷೆಗಳು 30. ಹೀಬ್ರೂ, ಲತೀನ್, ಕೋಪ್ಟಿಕ್, ಪ್ರಾಚೀನ ಅರ್ಮೇನಿಯನ್ ಇವು ಅದರಲ್ಲಿವೆ. ಸರಾಗವಾಗಿ ಆಡುತ್ತಿದ್ದರೆಂದು ಕೇಳಿಬಂದರೂ ಸಾಕಷ್ಟು ಪರೀಕ್ಷಿತವಾಗದವು 9. ಸಿರಿಯಾಕ್, ಹಿಂದೂಸ್ತಾನಿ ಮತ್ತು ಗುಜರಾತಿ ಇಲ್ಲಿ ಬರುತ್ತವೆ. ವಿರಳವಾಗಿ ಆಡಿದವು 11, ಕೆಲವೇ ವಾಕ್ಯಗಳಷ್ಟು ತಿಳಿದವು 8. ಪುಸ್ತಕದಿಂದ ಓದಿದರೂ ಆಡಿದ್ದಕ್ಕೆ ಸಾಕ್ಷ್ಯವಿಲ್ಲದವು 14; ಸಂಸ್ಕೃತ ಇವುಗಳಲ್ಲೊಂದು. ಗುರುಮಠದಲ್ಲಿ ವರುಷಗಟ್ಟಲೆ ಲತೀನ್ ಓದಿಯೂ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲು ತಡವರಿಸುವ ನಮ್ಮಂಥವರಿಗೆ ಈ ಕೊನೆಯ ಪಟ್ಟಿ ಬಹಳ ಹತ್ತಿರದ್ದು. ಹೊಗಳಿಕೆಗೆ ಹೊರಟ ಗ್ರಂಥಕರ್ತರು ಇಷ್ಟು ನಿಷ್ಠುರವಾಗಿ ಎಣಿಸಿದ್ದು ಸತ್ಯಕ್ಕೆ ಸಲ್ಲಿಸಿದ ಗೌರವವೇ ಸರಿ.

ಇಷ್ಟು ತಿಳಿದವರು ವ್ಯಾಕರಣವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಬರೆಯಲಿಲ್ಲವೆಂಬ ಆಕ್ಷೇಪಣೆಯುಂಟು. ಅದು ನಿಜವೂ ಹೌದು. ಅವರು ಅಚ್ಚಿಗೆ ಕೊಟ್ಟ ಮುಖ್ಯ ಬರಹ, ತಮಗೆ ಗ್ರೀಕ್ ಕಲಿಸಿದ ಅಪೋಂತೆಯವರ ಸ್ಮರಣೆಯ ಭಾಷಣ. ಪಂಡಿತರಿಗೆ ಇದು ಕೊರತೆಯಾಗಿ ಕಾಣಬಹುದು. ಆಸ್ಪತ್ರೆಯ ಹಾಸಿಗೆಯ ಮೇಲಿದ್ದವನಿಗೆ ಗ್ರಂಥದ ಅಗತ್ಯವಿರಲಿಲ್ಲವೆಂದು ಮಾತ್ರ ನಾವು ಹೇಳಬಲ್ಲೆವು.

1848ರ ಕ್ರಾಂತಿಯಲ್ಲಿ ಜಗದ್ಗುರು ಒಂಬತ್ತನೆಯ ಪಿಯುಸರು ಗಯೇಟಕ್ಕೆ ತೆರಳಿದಾಗಲೂ ವೃದ್ಧ ಕಾರ್ಡಿನಲ್ ರೋಮಿನಲ್ಲಿಯೇ ಉಳಿದರು. 1849ರ ಮಾರ್ಚ್ 15ರಂದು ನಿಧನರಾದರು. ಸಂತ ಒನೊಫ್ರಿಯರ ದೇವಾಲಯದಲ್ಲಿ ಅವರ ಸಮಾಧಿಯಿದೆ. ಅವರ ಕಾಗದಪತ್ರಗಳು ಬೊಲೊಞದ ಆರ್ಕಿಜಿನ್ನಾಸಿಯೊ ಗ್ರಂಥಾಲಯದಲ್ಲಿವೆ. ಅವುಗಳ ನಡುವೆ, ಶಾಲಾಬಾಲಕರು ಬಾಯಿಪಾಠಕ್ಕೆ ಮಾಡಿಕೊಳ್ಳುವಂತೆ, ನಾನಾ ಭಾಷೆಗಳ ಪದಗಳನ್ನು ಬರೆದಿಟ್ಟ ಸಣ್ಣ ಸಣ್ಣ ಚೀಟಿಗಳ ಕಟ್ಟುಗಳೂ ದೊರೆತಿವೆ.