ಸಿನಿಮಾವನ್ನು ಸಾಕ್ಷಿಯಾಗಿಸಿದ ವಕೀಲ ಜೇಮ್ಸ್ ಡೊನೊವನ್

ವಕೀಲಿ ವೃತ್ತಿ, ಸಾರ್ವಜನಿಕ ಸೇವೆಗಳ ಜತೆಗೆ ಸಾಕ್ಷ್ಯಚಿತ್ರದ ಕಾರ್ಯವನ್ನೂ ನಿಭಾಯಿಸಿದವರು ಅಮೆರಿಕದ ಜೇಮ್ಸ್ ಬಿ. ಡೊನೊವನ್. 1916ರ ಫೆಬ್ರವರಿ 29ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು 1940ರಲ್ಲಿ ಹಾರ್ವರ್ಡ್‌ನಿಂದ ಕಾನೂನು ಪದವಿ ಪಡೆದರು.

ಎರಡನೇ ಮಹಾಯುದ್ಧದ ಬಳಿಕ ನಾಜಿ ನಾಯಕರ ವಿರುದ್ಧ ನ್ಯೂರೆಂಬರ್ಗ್‌ನಲ್ಲಿ ನಡೆದ ವಿಚಾರಣೆಯಲ್ಲಿ ಚಿತ್ರಸಾಕ್ಷ್ಯದ ಹೊಣೆ ಅವರದಾಗಿತ್ತು. ಯಾತನಾ ಶಿಬಿರಗಳ ಚಿತ್ರವನ್ನು 1945ರ ನವೆಂಬರ್ 29ರಂದು ನ್ಯಾಯಾಲಯದಲ್ಲಿ ತೋರಿಸಲಾಯಿತು. ಡಿಸೆಂಬರ್ 11ರಂದು ಪ್ರದರ್ಶಿತವಾದ 'ದಿ ನಾಜಿ ಪ್ಲಾನ್' ಜರ್ಮನರೇ ಚಿತ್ರೀಕರಿಸಿದ್ದ ರೀಲುಗಳಿಂದ ಸಿದ್ಧಗೊಂಡಿತ್ತು. ಆರೋಪಿಗಳ ವಿರುದ್ಧ ಅವರದೇ ಆಡಳಿತದ ಚಿತ್ರಗಳು ಸಾಕ್ಷಿ ನುಡಿದವು.

1957ರಲ್ಲಿ ಸೋವಿಯತ್ ಗೂಢಚಾರ ರುಡಾಲ್ಫ್ ಅಬೆಲ್ ಪರ ವಾದಿಸಲು ಒಪ್ಪಿದ ಡೊನೊವನ್ ಸ್ವದೇಶದಲ್ಲೇ ನಿಂದನೆಗೆ ಗುರಿಯಾದರು. ಶತ್ರುವಿಗೂ ನ್ಯಾಯಯುತ ವಿಚಾರಣೆ ಸಲ್ಲಬೇಕೆಂಬ ನಿಲುವಿನಿಂದ ಅವರು ಕದಲಲಿಲ್ಲ. ಅಬೆಲ್‌ಗೆ ಮರಣದಂಡನೆ ತಪ್ಪಿತು. ಶುಲ್ಕವನ್ನು ಅವರು ವಿದ್ಯಾಸಂಸ್ಥೆಗಳಿಗೆ ನೀಡಿದರು. ಆ ಜೀವ ಉಳಿದದ್ದರಿಂದಲೇ 1962ರ ಫೆಬ್ರವರಿ 10ರಂದು ಬರ್ಲಿನ್ ಬಳಿಯ ಸೇತುವೆಯಲ್ಲಿ ಅಬೆಲ್‌ಗೆ ಬದಲಾಗಿ ಅಮೆರಿಕದ ಪೈಲಟ್ ಗ್ಯಾರಿ ಪವರ್ಸ್ ಬಿಡುಗಡೆ ಸಾಧ್ಯವಾಯಿತು.

ಅದೇ ವರ್ಷದ ಕೊನೆಗೆ ಕ್ಯೂಬಾದಿಂದ 1,113 ಸೆರೆಯಾಳುಗಳ ಬಿಡುಗಡೆಗೂ ಸಂಧಾನ ನಡೆಸಿದ ಅವರು ನ್ಯೂಯಾರ್ಕ್ ಶಿಕ್ಷಣ ಮಂಡಳಿಯ ಅಧ್ಯಕ್ಷರೂ ಆಗಿದ್ದರು. 1970ರ ಜನವರಿ 19ರಂದು 53ರ ಹರೆಯದಲ್ಲಿ ನಿಧನರಾದರು. 2015ರ 'ಬ್ರಿಜ್ ಆಫ್ ಸ್ಪೈಸ್' ಚಲನಚಿತ್ರ ಅವರ ಬದುಕನ್ನೇ ಆಧರಿಸಿದೆ.